ಮ್ಯೂಸಿಯಂಗಳ ಸೂರು ಬಿಚ್ಚುವ ಕಾಲಕ್ಕೆ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರ ಗಮನಕ್ಕೆ,

ಮಾನ್ಯರೇ,

ನಾನು ಅರಸೀಕೆರೆಯವಳು. 14 ವರ್ಷಗಳಿಂದ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞೆಯಾಗಿದ್ದೇನೆ. ಚಿತ್ರಕಲೆ ನನ್ನ ಕಸುಬಲ್ಲ, ನಮ್ಮ ತಂದೆಯವರ ಕಸುಬು. 31 ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದು 2004ರಲ್ಲಿ ನಿವೃತ್ತರಾದ ಅವರು ಯುರೋಪಿನ ಹಳೆಯ ಚಿತ್ರಕಾರರಾದ ಟಿಷಿಯನ್, ಕರವಾಜ್ಜೊ, ರೆಂಬ್ರಾಂಟ್ ಎಂಬ ಹೆಸರುಗಳನ್ನು ಹಾಸನ ಜಿಲ್ಲೆಯ ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟರು. ಆದರೆ ಆ ಮೂವರಲ್ಲಿ ಒಬ್ಬರ ಕುಂಚದ ಒಂದು ಎಳೆಯನ್ನೂ ಸ್ವತಃ ಕಂಡವರಲ್ಲ. ಅವರ ಬಳಿ ಇದ್ದದ್ದು ಬೆನ್ನು ಕಿತ್ತುಹೋದ ಒಂದು ಹಳೆಯ ಚಿತ್ರಸಂಪುಟ. ಅದರಲ್ಲಿ ರೆಂಬ್ರಾಂಟನ ಪುಟಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಹೀಗಾಗಿ, ರೆಂಬ್ರಾಂಟ್ ಎಂದರೆ ಡಿಕಾಕ್ಷನ್ ಬಣ್ಣದ ಚಿತ್ರಕಾರ ಎಂದು ಅವರೂ ನಂಬಿದ್ದರು, ಅವರ ಮಕ್ಕಳೂ ನಂಬಿದೆವು. ವಾಷ್, ಅಂದರೆ ನೀರು ಬೆರೆಸಿದ ತೆಳುಬಣ್ಣ, ಹಚ್ಚುವುದನ್ನು ಕಲಿಸುವಾಗ ಮನೆಯಿಂದ ಲೋಟದಲ್ಲಿ ನಿಜವಾದ ಡಿಕಾಕ್ಷನ್ ತಂದು ಕಾಗದದ ಮೇಲೆ ಎಳೆಯುತ್ತಿದ್ದರೆಂಬುದನ್ನು ಅವರ ಶಿಷ್ಯರು ಇಂದಿಗೂ ನೆನೆಯುತ್ತಾರೆ.

ತಮ್ಮಲ್ಲಿ ನನ್ನ ಕೋರಿಕೆ ಒಂದೇ, ಅದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಜಗತ್ತಿನ ದೊಡ್ಡ ಚಿತ್ರಸಂಗ್ರಹಗಳು ಪ್ರವಾಸ ಹೊರಟಾಗ ಅವು ಬೆಂಗಳೂರಿನಲ್ಲಿಯೂ ಇಳಿಯುವಂತೆ ಕರ್ನಾಟಕ ಸರ್ಕಾರವು ಅವುಗಳಿಗೆ ಜಾಮೀನು ನಿಲ್ಲಬೇಕು, ಮತ್ತು ಆ ಚಿತ್ರಗಳು ಇಳಿದ ಕೋಣೆಯಲ್ಲಿ ಕನ್ನಡ ಇರಬೇಕು. ಇದು ಕೇಳಿದಷ್ಟು ದುಬಾರಿಯ ಮಾತಲ್ಲವೆಂದು ತೋರಿಸುವುದಕ್ಕಾಗಿ, ನಾನು ಕಂಡ ಒಂದು ಪ್ರದರ್ಶನವನ್ನು ಸ್ವಲ್ಪ ವಿವರವಾಗಿ ತಮ್ಮ ಮುಂದಿಡಬೇಕಾಗಿದೆ.

2021ರ ಜೂನ್ 12ರಿಂದ ಅಕ್ಟೋಬರ್ 17ರವರೆಗೆ ಬ್ರಿಸ್ಬೇನ್ ನದಿಯ ದಂಡೆಯಲ್ಲಿರುವ ಆಧುನಿಕ ಕಲಾ ಗ್ಯಾಲರಿಯಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನ 65 ಐರೋಪ್ಯ ಚಿತ್ರಗಳ ಪ್ರದರ್ಶನ ನಡೆಯಿತು. ಹದಿನೈದನೆಯ ಶತಮಾನದ ಇಟಲಿಯ ಸನ್ಯಾಸಿ-ಚಿತ್ರಕಾರ ಫ್ರಾ ಆಂಜೆಲಿಕೊನಿಂದ ಹಿಡಿದು ಫ್ರೆಂಚ್ ಚಿತ್ರಕಾರ ಕ್ಲಾಡ್ ಮೊನೆಯ ನೈದಿಲೆ ಕೊಳದವರೆಗೆ ಸುಮಾರು 500 ವರ್ಷಗಳ ಹರಹು. ಅವುಗಳಲ್ಲಿ ಹೆಚ್ಚಿನವು ತಮ್ಮ ಗೋಡೆಯನ್ನು ಬಿಟ್ಟು ಕದಲುವುದೇ ಅಪರೂಪ. ಹಾಗಾದರೆ ಅವು ಆ ವರ್ಷ ಕದಲಿದ್ದೇಕೆ? ಕಾರಣ ಬಹಳ ಸರಳ: ಮನೆಯ ಸೂರು ರಿಪೇರಿ. ಮೆಟ್ ಮ್ಯೂಸಿಯಂನ ಐರೋಪ್ಯ ಚಿತ್ರಗಳ ಅಂಗಣಗಳಿಗೆ ಸೂರಿನ ಗಾಜಿನ ಬೆಳಕಿಂಡಿಗಳಿಂದಲೇ ಹಗಲಿನ ಬೆಳಕು ಬೀಳುತ್ತದೆ. ದಶಕಗಳಷ್ಟು ಹಳೆಯದಾಗಿದ್ದ ಆ ಬೆಳಕಿಂಡಿಗಳನ್ನು ಬದಲಿಸುವ ಕೆಲಸ 2018ರಲ್ಲಿ ಆರಂಭವಾಯಿತು. ಎಲ್ಲ 45 ಅಂಗಣಗಳು ಮತ್ತೆ ತೆರೆದದ್ದು 2023ರ ನವೆಂಬರ್‌ನಲ್ಲಿ. ನಾವು ಮನೆಗೆ ಸುಣ್ಣ ಹೊಡೆಸುವಾಗ ದೇವರ ಪಟಗಳನ್ನು ಪಕ್ಕದ ಮನೆಯಲ್ಲಿಟ್ಟು ಬರುವುದಿಲ್ಲವೇ, ಹಾಗೆ. ಆ ಪಕ್ಕದ ಮನೆ ಮೊದಲು ಬ್ರಿಸ್ಬೇನ್ ಆಯಿತು, ಆಮೇಲೆ ಒಸಾಕಾ, ಆಮೇಲೆ ಟೋಕಿಯೊ.

ಆ ಕಾಲ ಎಂಥದೆಂಬುದು ತಮಗೆ ನೆನಪಿದ್ದೀತು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕರ್ನಾಟಕದಲ್ಲಿ ಕೋವಿಡ್ಡಿನ ಎರಡನೆಯ ಅಲೆ ಏರಿತ್ತು. ಮೇ ಮೊದಲಲ್ಲಿ ಭಾರತದಿಂದ ಬರುವವರಿಗೆ ಆಸ್ಟ್ರೇಲಿಯಾ ಬಾಗಿಲನ್ನೇ ಮುಚ್ಚಿತ್ತು. ಊರಿಗೆ ಹೋಗುವಂತಿರಲಿಲ್ಲ, ಹೋದರೆ ಹಿಂತಿರುಗುವ ಭರವಸೆ ಇರಲಿಲ್ಲ. ಆಗಸ್ಟ್‌ನಲ್ಲಿ ಬ್ರಿಸ್ಬೇನ್‌ನ ಲಾಕ್‌ಡೌನ್ ತೆರವಾದ ಮೇಲೆ, ಮಾಸ್ಕ್ ಧರಿಸಿಕೊಂಡು, ಸಮಯ ನಮೂದಿಸಿದ ಟಿಕೆಟ್ ಹಿಡಿದು ನಾನು ಆ ಪ್ರದರ್ಶನಕ್ಕೆ ಹೋದೆ. ಸತ್ಯ ಹೇಳಬೇಕೆಂದರೆ, ಚಿತ್ರ ನೋಡುವ ಹಂಬಲದಿಂದ ಹೋದವಳಲ್ಲ. ಅರಸೀಕೆರೆಯಲ್ಲಿ ಮನೆಯೊಳಗೆ ಕೂತಿದ್ದ ತಂದೆಯವರಿಗೆ ಸಂಜೆಯ ಫೋನಿನಲ್ಲಿ ಹೇಳಲು ಒಂದು ಹೊಸ ಸುದ್ದಿ ಬೇಕಾಗಿತ್ತು.

ಒಳಹೊಕ್ಕೊಡನೆ ಫ್ರಾ ಆಂಜೆಲಿಕೊ. ಯೇಸುವನ್ನು ಶಿಲುಬೆಗೇರಿಸಿದ ದೃಶ್ಯದ ಒಂದು ಚಿಕ್ಕ ಮರದ ಹಲಗೆ, 1420ರ ಆಸುಪಾಸಿನದು. ಹಿನ್ನೆಲೆಯಲ್ಲಿ ಆಕಾಶವಿಲ್ಲ, ಬರಿಯ ಚಿನ್ನ. ಶಿಲುಬೆಯ ಸುತ್ತ ಕುದುರೆ ಸವಾರರು ಅರ್ಧವೃತ್ತವಾಗಿ ನಿಂತಿದ್ದಾರೆ. ಮುಂದೆ ನೆಲದ ಮೇಲೆ ತಾಯಿ ಮೇರಿ ಕುಸಿದಿದ್ದಾಳೆ. ಪಕ್ಕದಲ್ಲಿದ್ದ ಆಸ್ಟ್ರೇಲಿಯನ್ ದಂಪತಿಗೆ ಆ ಚಿನ್ನ ವಿಚಿತ್ರವಾಗಿ ಕಂಡಿತೆಂದು ಅವರ ಮಾತಿನಿಂದ ತಿಳಿಯಿತು. ನನಗೆ ಹಾಗೆನ್ನಿಸಲಿಲ್ಲ. ಸಫೇದ ಮತ್ತು ಅಂಟು ಕಲಸಿ ಉಬ್ಬುಗೆರೆ ಎಳೆದು, ಅದರ ಮೇಲೆ ಚಿನ್ನದ ರೇಕು ಕೂರಿಸಿದ ಮೈಸೂರು ಶೈಲಿಯ ಪಟ್ಟಾಭಿಷೇಕದ ಪಟವನ್ನು ದಿನವೂ ದೀಪದ ಬೆಳಕಿನಲ್ಲಿ ನೋಡಿ ಬೆಳೆದವರಿಗೆ, ಚಿನ್ನವು ಬಣ್ಣವಲ್ಲ, ಅದು ದೇವರಿರುವ ಜಾಗ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಫ್ಲಾರೆನ್ಸಿನ ಆ ಸನ್ಯಾಸಿಯ ಕಾಲದವರೂ ಹಲಗೆಯ ಮೇಲೆ ಜಿಪ್ಸಂ ಪುಡಿ ಮತ್ತು ಅಂಟಿನ ಲೇಪ ಕೊಟ್ಟು, ಅದರ ಮೇಲೆಯೇ ರೇಕು ಕೂರಿಸುತ್ತಿದ್ದರು. ನಮ್ಮ ಮೈಸೂರಿನ ಚಿತ್ರಗಾರರು ಆ ಕೋಣೆಯಲ್ಲಿ ನಿಂತಿದ್ದರೆ ವಿಮರ್ಶಕರಿಗಿಂತ ಮೊದಲು ಕೆಲಸದ ಮಾತಿಗಿಳಿಯುತ್ತಿದ್ದರು: ಇಲ್ಲಿ ರೇಕು ಉಬ್ಬಿಲ್ಲ, ಚಪ್ಪಟೆಯಾಗಿದೆ, ಯಾಕೆ?

ಕರವಾಜ್ಜೊನ ‘ಸಂಗೀತಗಾರರು’ ಮುಂದಿನದು, 1597ರದು. ನಾಲ್ವರು ಹುಡುಗರು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದಾರೆ. ಲ್ಯೂಟ್ ಎಂಬ ತಂತಿವಾದ್ಯವನ್ನು ಶ್ರುತಿ ಮಾಡಿಕೊಳ್ಳುತ್ತಿರುವವನ ಕಣ್ಣಂಚು ಒದ್ದೆಯಾಗಿದೆ. ಹಿಂದಿನಿಂದ ಇಣುಕುತ್ತಿರುವ ಕಪ್ಪುಗೂದಲಿನವನು ಚಿತ್ರಕಾರನೇ ಎನ್ನುತ್ತಾರೆ. ಅದರ ಮೇಲ್ಮೈ ಕಾಲದ ಪೆಟ್ಟು ತಿಂದಿದೆ, ಅಲ್ಲಲ್ಲಿ ಸವೆದಿದೆ. ಪುಸ್ತಕದ ಪ್ರತಿಗಳಲ್ಲಿ ಆ ಸವೆತ ಕಾಣುವುದೇ ಇಲ್ಲ. ಸಂಗೀತ ಕಚೇರಿ ಆರಂಭವಾಗುವ ಮುನ್ನ ಶ್ರುತಿ ಸೇರುವ ಹೊತ್ತಿನ ಆ ಗಡಿಬಿಡಿಯ ಮೌನವನ್ನು ಬಲ್ಲವರಿಗೆ ಚಿತ್ರದ ಹೆಸರು ಓದುವ ಅಗತ್ಯವೂ ಇಲ್ಲ.

ನನ್ನನ್ನು ಅತಿ ಹೆಚ್ಚು ಹೊತ್ತು ನಿಲ್ಲಿಸಿದ್ದು ಮಾತ್ರ ಜಾರ್ಜ್ ದ ಲಾ ಟೂರ್‌ನ ಕಣಿ ಹೇಳುವ ಮುದುಕಿಯ ಚಿತ್ರ. ಹದಿನೇಳನೆಯ ಶತಮಾನದ ಈ ಫ್ರೆಂಚ್ ಚಿತ್ರಕಾರನನ್ನು ಸತ್ತ ಮೇಲೆ ಜಗತ್ತು ಪೂರ್ತಿ ಮರೆತೇಬಿಟ್ಟಿತ್ತು. 1915ರಲ್ಲಿ ಜರ್ಮನ್ ವಿದ್ವಾಂಸ ಹರ್ಮನ್ ಫಾಸ್ ಅವನನ್ನು ಮತ್ತೆ ಗುರುತಿಸಿದ. ಚಿತ್ರದ ನಡುವೆ ಒಬ್ಬ ಶ್ರೀಮಂತ ಹುಡುಗ, ಕಸೂತಿಯ ಅಂಗಿ, ಮುಖದ ತುಂಬ ಜಂಬ. ಬಲಗಡೆ ಸುಕ್ಕುಮುಖದ ಮುದುಕಿ ನಾಣ್ಯ ಹಿಡಿದು ಅವನನ್ನೇ ನೋಡುತ್ತಿದ್ದಾಳೆ. ಅವನ ಗಮನವೆಲ್ಲ ಅವಳ ಮೇಲೆ. ಅಷ್ಟರಲ್ಲಿ ಎಡಗಡೆಯ ಹುಡುಗಿಯರಲ್ಲಿ ಒಬ್ಬಳ ಕೈ ಅವನ ಜೇಬಿಗೆ ಹೋಗಿದೆ. ಪಕ್ಕದಲ್ಲಿರುವ ಬಿಳಿಚಿದ ಮುಖದವಳು ಅವನ ಎದೆಯ ಸರಪಳಿಯನ್ನು ಸದ್ದಿಲ್ಲದೆ ಕತ್ತರಿಸುತ್ತಿದ್ದಾಳೆ. ಕೈ ಕತ್ತರಿಸುತ್ತಿದ್ದರೂ ಕಣ್ಣು ಮಾತ್ರ ಓರೆಯಾಗಿ ಅವನ ಮುಖದ ಮೇಲಿದೆ, ಇವನು ತಿರುಗಿಯಾನೇ ಎಂದು. ಹತ್ತಿರ ಹೋಗಿ ನೋಡಿದರೆ ಆ ಸರಪಳಿಯ ಮೇಲೆ ‘ಪ್ರೀತಿ’, ‘ನಂಬಿಕೆ’ ಎಂಬ ಅರ್ಥದ ಎರಡು ಲ್ಯಾಟಿನ್ ಪದಗಳನ್ನು ಕೆತ್ತಿರುವುದು ಕಾಣುತ್ತದೆ. ಕತ್ತರಿ ಬಿದ್ದಿರುವುದು ಅದರ ಮೇಲೆ! ಐದು ಜೋಡಿ ಕಣ್ಣುಗಳು ಐದು ದಿಕ್ಕಿಗೆ ಓಡುವ ಆ ಚಿತ್ರದಲ್ಲಿ ಒಂದು ಮಾತೂ ಇಲ್ಲ, ಆದರೂ ಜಾತ್ರೆಯ ಗದ್ದಲವೆಲ್ಲ ಕೇಳಿಸುತ್ತದೆ.

ಈ ಚಿತ್ರದ ಕೆಳಗೆ ಕನ್ನಡದಲ್ಲಿ ಏನು ಬರೆಯಬಹುದಿತ್ತು ಎಂದು ಅಲ್ಲೇ ನಿಂತು ಯೋಚಿಸಿದೆ. ಜ್ಯೋತಿಷಿ ಎಂದರೆ ತಪ್ಪು. ಪಂಚಾಂಗ ಹಿಡಿದ ಪುರೋಹಿತರು ಕಣ್ಮುಂದೆ ಬರುತ್ತಾರೆ. ಭವಿಷ್ಯ ಹೇಳುವವಳು ಎಂದರೆ ನೀರಸ, ಅನುವಾದದ ವಾಸನೆ. ಕೊರವಂಜಿ ಎಂದರೆ ನಮ್ಮ ಹಳ್ಳಿಯ ಮಗುವಿಗೂ ಮರುಕ್ಷಣ ಅರ್ಥವಾಗುತ್ತದೆ; ಆದರೆ ಆ ಒಂದು ಪದದೊಂದಿಗೆ, ಅಲೆಮಾರಿಗಳೆಂದರೆ ಕಳ್ಳರು ಎಂಬ ಹಳೆಯ ಸುಳ್ಳೂ ಒಳನುಸುಳುತ್ತದೆ. ಲಾ ಟೂರ್‌ನ ಕಾಲದ ಯುರೋಪು ರೋಮಾ ಎಂಬ ಅಲೆಮಾರಿ ಜನರ ಮೇಲೆ ಹೊರಿಸಿದ ಅಪವಾದವನ್ನೇ ಆ ಚಿತ್ರವು ಚಂದವಾಗಿ ಹೇಳುತ್ತಿದೆ, ಮತ್ತು ಅದೇ ಅಪವಾದವನ್ನು ನಮ್ಮ ಕೊರವರೂ ಹೊತ್ತವರು. ಕನ್ನಡದ ಟಿಪ್ಪಣಿ ಬರೆಯುವವರು ಈ ಎರಡನ್ನೂ ನಾಲ್ಕು ಸಾಲಿನಲ್ಲಿ ಹೇಳಬೇಕಾದೀತು. ಇಂಗ್ಲಿಷಿನ ಟಿಪ್ಪಣಿಗೆ ಈ ತೊಡಕೂ ಇಲ್ಲ, ಈ ಸಲಿಗೆಯೂ ಇಲ್ಲ. ಕನ್ನಡದ ಫಲಕವೆಂದರೆ ಇಂಗ್ಲಿಷ್ ಫಲಕದ ಕೆಳಗೆ ಚಿಕ್ಕ ಅಕ್ಷರದಲ್ಲಿ ಕೂರುವ ಅನುವಾದವಲ್ಲ ಎಂದು ನಾನು ಹೇಳುವುದು ಇದಕ್ಕಾಗಿ. ಅದನ್ನು ಚಿತ್ರದ ಮುಂದೆ ನಿಂತು ಕನ್ನಡದಲ್ಲಿಯೇ ಬರೆಯಬೇಕು. ನೆರಳು-ಬೆಳಕು, ತೈಲವರ್ಣ, ಭಾವಚಿತ್ರ, ನಿಸರ್ಗಚಿತ್ರ ಎಂಬ ಪದಗಳು ನಮ್ಮಲ್ಲಿ ಬಳಕೆಯಲ್ಲಿವೆ. ಇಲ್ಲದ ಕಡೆ ‘ಸ್ಟಿಲ್ ಲೈಫ್’ ಎಂದೇ ನಮ್ಮ ಮೇಷ್ಟರುಗಳು ಕಲಿಸಿದ್ದಾರೆ, ಅದರಿಂದ ಯಾರಿಗೂ ನಷ್ಟವಾಗಿಲ್ಲ. ಇದೇ 65 ಚಿತ್ರಗಳು ಒಸಾಕಾಕ್ಕೆ ಹೋದಾಗ ಜಪಾನಿನ ಮಕ್ಕಳು ಅವುಗಳನ್ನು ಜಪಾನಿ ಭಾಷೆಯಲ್ಲಿಯೇ ಓದಿದರು.

ರೆಂಬ್ರಾಂಟನ ‘ಫ್ಲೋರಾ’ದ ಮುಂದೆ ನಿಂತು ನಾನು ತಂದೆಯವರಿಗೆ ಫೋನ್ ಮಾಡಿದೆ. ಅಗಲವಾದ ಟೋಪಿಯಲ್ಲಿ ಹೂವಿನ ರೆಂಬೆ ಸಿಕ್ಕಿಸಿಕೊಂಡು, ಪಕ್ಕಕ್ಕೆ ಮುಖ ತಿರುಗಿಸಿ, ಒಂದು ಕೈ ಚಾಚಿ ಹೂ ನೀಡುತ್ತಿರುವ ವಸಂತದೇವತೆ; 1654ರ ಸುಮಾರಿನದು. ಮಲ್ಲಿಗೆ ಬಿಳುಪಿನ ಕುಪ್ಪಸ, ಹಳದಿ ಮಡಿಲು. ಡಿಕಾಕ್ಷನ್ ಎಲ್ಲಿಯೂ ಇರಲಿಲ್ಲ. “ಅಪ್ಪ, ಇದು ಕಂದಲ್ಲ” ಎಂದು ಪಿಸುದನಿಯಲ್ಲಿ ಹೇಳಿದೆ. ಅವರು ಚಿತ್ರ ತೋರಿಸು ಎನ್ನಲಿಲ್ಲ. “ತೋಳಿನ ಹತ್ತಿರ ಪಕ್ಕದಿಂದ ನೋಡು, ಬಣ್ಣ ಎಷ್ಟು ದಪ್ಪ ಇದೆ ಹೇಳು” ಎಂದರು. ಪಕ್ಕಕ್ಕೆ ಸರಿದು, ಕಾವಲಿನವರಿಗೆ ಸಂಶಯ ಬಾರದಷ್ಟು ದೂರದಲ್ಲಿ ಬಗ್ಗಿ ನೋಡಿದೆ. ಕುಪ್ಪಸದ ನೆರಿಗೆಗಳಲ್ಲಿ ಬಿಳಿಯ ಬಣ್ಣ ದಪ್ಪಗೆ ಮುದ್ದೆಯಾಗಿ ನಿಂತಿತ್ತು, ಕುಂಚದ ಕೂದಲೆಳೆಗಳ ಗೀರುಗಳೂ ಅದರಲ್ಲಿ ಉಳಿದಿದ್ದವು. ಮೇಲಿನ ಬೆಳಕು ಆ ದಿಬ್ಬಗಳ ಮೇಲೆ ಬಿದ್ದು ಬಟ್ಟೆ ಬಟ್ಟೆಯಾಗಿ ಕಾಣುತ್ತಿತ್ತು. ದೋಸೆಕಲ್ಲಿನ ಮೇಲೆ ಹಿಟ್ಟು ಎಳೆದ ಗೆರೆಗಳಂತೆ ಇದೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, “31 ವರ್ಷ ತಪ್ಪು ಹೇಳಿಕೊಟ್ಟೆ” ಎಂದರು.

ತಪ್ಪು ಅವರದಲ್ಲ ಎಂದು ತಮಗೆ ಬೇರೆ ಹೇಳಬೇಕಾಗಿಲ್ಲ. ಅಚ್ಚಿನಲ್ಲಿ ಬಣ್ಣ ಬರಬಹುದು, ದಪ್ಪ ಬರುವುದಿಲ್ಲ; ಗಾತ್ರ ಬರುವುದಿಲ್ಲ. ಮೊನೆಯ ನೈದಿಲೆಗಳ ಚಿತ್ರ ಸುಮಾರು 2 ಮೀಟರ್ ಅಗಲ, ಅದರ ಮುಂದೆ ನಿಂತವರು ಕೊಳದ ದಂಡೆಯಲ್ಲಿ ನಿಂತಿರುತ್ತಾರೆ. ಪುಸ್ತಕದಲ್ಲಿ ಅದು ಅಂಗೈಯಗಲದ ನೀಲಿ ಕಲೆ. ವ್ಯಾನ್ ಗೋನ ಹೂಬಿಟ್ಟ ತೋಟದಲ್ಲಿ ಮರದ ಬಳಿ ಒಂದು ಕುಡುಗೋಲನ್ನು ಯಾರೋ ಬಿಟ್ಟುಹೋಗಿದ್ದಾರೆ, ನಾನು ನೋಡಿದ್ದ ಯಾವ ಪ್ರತಿಯಲ್ಲಿಯೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಇತ್ತೀಚೆಗೆ ನಮ್ಮ ಊರುಗಳಲ್ಲಿ ಗೋಡೆಗೆ ಪ್ರೊಜೆಕ್ಟರ್ ಬಿಟ್ಟು, ಸಂಗೀತ ಹಾಕಿ, ಅದನ್ನೇ ವ್ಯಾನ್ ಗೋ ಎಂದು ಮಾರುವ ಪ್ರದರ್ಶನಗಳು ನಡೆಯುತ್ತವೆ. ತಂದೆಯವರನ್ನು ನನ್ನ ತಮ್ಮ ಅಂಥದೊಂದಕ್ಕೆ ಸಿನಿಮಾಕ್ಕಿಂತ ದುಬಾರಿ ಟಿಕೆಟ್ ಕೊಂಡು ಕರೆದೊಯ್ದಿದ್ದ. ಅರ್ಧ ಗಂಟೆಯಲ್ಲಿ ಹೊರಗೆ ಬಂದು, “ಚಿತ್ರ ಎಲ್ಲಿತ್ತು?” ಎಂದು ಅವರು ಕೇಳಿದರಂತೆ.

ಇನ್ನು ತಮ್ಮ ಇಲಾಖೆಗೆ ಸಂಬಂಧಪಟ್ಟ ಮಾತು. ಇಂಥ ಚಿತ್ರಗಳು ಒಂದು ಊರಿಗೆ ಬಾರದಿರಲು ಜನರ ನಿರಾಸಕ್ತಿ ಕಾರಣವಲ್ಲ, ಜಾಗದ ಕೊರತೆಯೂ ಮುಖ್ಯ ಕಾರಣವಲ್ಲ; ನಿಜವಾದ ತೊಡಕು ವಿಮೆ. ಪ್ರತಿಯೊಂದು ಚಿತ್ರದ ಬೆಲೆ ನೂರಾರು ಕೋಟಿ ರೂಪಾಯಿಗಳಲ್ಲಿರುವಾಗ, ಅವುಗಳನ್ನು ಗೋಡೆಯಿಂದ ಇಳಿಸಿದ ಕ್ಷಣದಿಂದ ಮತ್ತೆ ಅದೇ ಗೋಡೆಗೆ ಏರಿಸುವವರೆಗಿನ ವಿಮೆಯ ಕಂತು ಟಿಕೆಟ್ಟಿನ ಹಣವನ್ನೆಲ್ಲ ನುಂಗಿಬಿಡುತ್ತದೆ. ಈ ತೊಡಕಿಗೆ ಹಲವು ದೇಶಗಳು ಅರ್ಧ ಶತಮಾನದ ಹಿಂದೆಯೇ ಒಂದು ದಾರಿ ಕಂಡುಕೊಂಡವು. ಚಿತ್ರಕ್ಕೆ ಏನಾದರೂ ಆದರೆ ನಾವು ತುಂಬಿಕೊಡುತ್ತೇವೆ ಎಂದು ಸರ್ಕಾರವೇ ಬರೆದುಕೊಡುವುದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಜಾಮೀನು ನಿಲ್ಲುವುದು. ಅಮೆರಿಕ ಇದಕ್ಕಾಗಿ 1975ರಲ್ಲಿ ಕಾಯಿದೆ ಮಾಡಿತು. ಆಸ್ಟ್ರೇಲಿಯಾ 1979ರಲ್ಲಿ ಯೋಜನೆ ತಂದಿತು. ಈಗ ಅದು ಪ್ರದರ್ಶನಗಳ ವಿಮೆಗೆ ಸರ್ಕಾರವೇ ಹಣ ಕೊಡುವ ರೂಪಕ್ಕೆ ಬದಲಾಗಿದೆ. ಬ್ರಿಟನ್ನಿನಲ್ಲಿ 1980ರ ಕಾಯಿದೆಯ ಅಡಿಯಲ್ಲಿ ನಡೆಯುತ್ತಿದೆ. ಜಾಮೀನು ನಿಂತವರು ದಿನವೂ ದುಡ್ಡು ಕಟ್ಟುವುದಿಲ್ಲ ಎಂಬುದು ಸಾಲ-ಸೋಲ ಕಂಡ ಪ್ರತಿ ಮನೆಗೂ ಗೊತ್ತು. ಅವಘಡವಾದರೆ ಮಾತ್ರ ಕಟ್ಟಬೇಕು, ಮತ್ತು ಅವಘಡವಾಗದಂತೆ ನೋಡಿಕೊಳ್ಳುವುದಕ್ಕೆಂದೇ ಆ ಚಿತ್ರಗಳ ಜೊತೆ ಪೆಟ್ಟಿಗೆಗಳೂ ಪರಿಣತರೂ ಬರುತ್ತಾರೆ.

ಕರ್ನಾಟಕಕ್ಕೆ ಜಾಮೀನು ನಿಲ್ಲುವ ಅಭ್ಯಾಸ ಇಲ್ಲವೆಂದಿಲ್ಲ. ರಾಜ್ಯದ ನಿಗಮ-ಮಂಡಳಿಗಳು ಎತ್ತುವ ಸಾಲಗಳಿಗೆ ಸರ್ಕಾರವು ಖಾತರಿ ನೀಡುತ್ತಲೇ ಬಂದಿದೆ. ಆ ಖಾತರಿಗಳು ಮಿತಿ ಮೀರಬಾರದೆಂದು 1999ರಲ್ಲಿಯೇ ಒಂದು ಕಾಯಿದೆಯನ್ನೂ ಮಾಡಿಕೊಂಡಿದ್ದೇವೆ. ಆ ಮಿತಿಯೊಳಗೆ ಚಿತ್ರಪ್ರದರ್ಶನಗಳಿಗೆಂದು ಒಂದು ಸಣ್ಣ ಪಾಲನ್ನು ಮೀಸಲಿಡಲು ಸಾಧ್ಯವೇ ಎಂಬುದನ್ನು ಹಣಕಾಸು ಇಲಾಖೆಯೊಡನೆ ಕೂತು ತಾವು ಪರಿಶೀಲಿಸಬೇಕೆಂಬುದೇ ನನ್ನ ಮನವಿಯ ತಿರುಳು. ಇದರ ಜೊತೆಗೆ ಕೇಂದ್ರ ಸರ್ಕಾರದಿಂದ ಆಗಬೇಕಾದ ಕೆಲಸವೂ ಒಂದಿದೆ: ಸಾಲವಾಗಿ ಬಂದ ಕಲಾಕೃತಿಯನ್ನು ಯಾವ ದಾವೆಯ ನೆಪದಲ್ಲಿಯೂ ಇಲ್ಲಿ ಜಪ್ತಿ ಮಾಡಲಾಗದೆಂಬ ಭರವಸೆಯನ್ನು ಸಾಲ ಕೊಡುವ ಮ್ಯೂಸಿಯಂಗಳು ಕೇಳುತ್ತವೆ. ಆಸ್ಟ್ರೇಲಿಯಾ ಅದಕ್ಕಾಗಿಯೇ 2013ರಲ್ಲಿ ಕಾಯಿದೆ ತಂದಿತು. ದೆಹಲಿಗೆ ಬರೆಯುವ ಪತ್ರಗಳಲ್ಲಿ ಇದನ್ನೂ ಸೇರಿಸಬೇಕು.

ಕೋಣೆಯ ವಿಷಯಕ್ಕೆ ಬರೋಣ. ಮರದ ಹಲಗೆ ತೇವಕ್ಕೆ ಉಬ್ಬುತ್ತದೆ, ಒಣಹವೆಗೆ ಕುಗ್ಗುತ್ತದೆ. ಮೇಲಿನ ಬಣ್ಣದ ಪದರಕ್ಕೆ ಆ ಹಿಗ್ಗು-ಕುಗ್ಗು ಗೊತ್ತಿಲ್ಲ, ಆದ್ದರಿಂದ ಅದು ಬಿರಿಯುತ್ತದೆ. ಚಿತ್ರಗಳು ಬಂದೊಡನೆ ಪೆಟ್ಟಿಗೆ ಒಡೆಯದೆ ಒಂದು ಇಡೀ ದಿನ ಹಾಗೇ ಬಿಡುವುದು, ಕೋಣೆಯ ಹವೆಗೆ ಅವು ಒಗ್ಗಿಕೊಳ್ಳಲಿ ಎಂದು. ಹಿಂದೆ ತೇವಾಂಶ ಶೇ 50ರ ಆಸುಪಾಸಿನಿಂದ ಐದು ಅಂಶಕ್ಕಿಂತ ಹೆಚ್ಚು ಅಲುಗಾಡಬಾರದೆಂಬ ಕಟ್ಟುನಿಟ್ಟಿತ್ತು. ಅದನ್ನು ಸಾಧಿಸಲು ಯಂತ್ರಗಳು ಹಗಲಿರುಳು ವಿದ್ಯುತ್ ಕುಡಿಯುತ್ತಿದ್ದವು. 2014ರಲ್ಲಿ ಜಗತ್ತಿನ ದೊಡ್ಡ ಮ್ಯೂಸಿಯಂಗಳ ನಿರ್ದೇಶಕರ ಬಿಜೋ ಗುಂಪು ಆ ನಿಯಮವನ್ನು ಸಡಿಲಿಸಿತು. ಬಹುಪಾಲು ಕೃತಿಗಳಿಗೆ ತೇವಾಂಶ ಶೇ 40ರಿಂದ 60, ಉಷ್ಣತೆ 16ರಿಂದ 25 ಡಿಗ್ರಿ ಇದ್ದರೆ ಸಾಕು, ಒಂದು ದಿನದೊಳಗೆ ಏರಿಳಿತ ಹೆಚ್ಚಾಗಬಾರದಷ್ಟೇ. ಬೆಂಗಳೂರಿನ ಹವೆಯನ್ನು ಬಲ್ಲವರು ಈ ಅಂಕಿಗಳನ್ನು ಇನ್ನೊಮ್ಮೆ ಓದಲಿ. ಮುಂಬೈ, ಚೆನ್ನೈ, ಕೊಲ್ಕತ್ತಾಗಳಿಗಿಂತ ಕಡಿಮೆ ಖರ್ಚಿನಲ್ಲಿ ಇಂಥ ಕೋಣೆಯನ್ನು ಇಟ್ಟುಕೊಳ್ಳಬಲ್ಲ ದೊಡ್ಡ ನಗರ ಈ ದೇಶದಲ್ಲಿ ಯಾವುದಾದರೂ ಇದ್ದರೆ ಅದು ನಮ್ಮದೇ.

ಆಕ್ಷೇಪಗಳು ಬರುತ್ತವೆ, ಬರಲಿ. ನಮ್ಮ ಗುಡಿಗಳ ಮೇಲ್ಛಾವಣಿಯ ಚಿತ್ರಗಳೇ ಉದುರುತ್ತಿರುವಾಗ ಯುರೋಪಿನ ಪಟಗಳಿಗೆ ಏಕೆ ಮಣೆ ಎಂದು ಕೇಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ನನಗೂ ಒಮ್ಮೊಮ್ಮೆ ಹಾಗೆಯೇ ಅನ್ನಿಸಿದ್ದುಂಟು. ಆದರೆ ಹದವಾದ ಹವೆಯ ಕೋಣೆಯು ಯುರೋಪಿನ ಚಿತ್ರ, ಮೈಸೂರಿನ ಚಿತ್ರ ಎಂದು ಭೇದ ಮಾಡುವುದಿಲ್ಲ. ಅತಿಥಿಗಳು ಹೋದ ಮೇಲೆ ಅಲ್ಲಿ ನಮ್ಮ ಚಿತ್ರಕಾರ ಕೆ. ವೆಂಕಟಪ್ಪನವರ ಜಲವರ್ಣಗಳು ತೂಗುತ್ತವೆ, ರವಿವರ್ಮನ ತೈಲವರ್ಣಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಿಂದ ತಂದು ತೋರಿಸಬಹುದು. ಸಾಲ ಕೊಡುವವರು ಸಾಲ ಕೇಳುವವರೂ ಆಗಿರುತ್ತಾರೆಂಬುದನ್ನೂ ಮರೆಯಬಾರದು: ನಮ್ಮ ವಸ್ತುಗಳು ಹೊರಗೆ ಹೋಗುವಾಗ ಏನೇನು ಷರತ್ತು ಹಾಕಬೇಕೆಂಬುದು, ಹೊರಗಿನ ವಸ್ತುಗಳನ್ನು ಒಮ್ಮೆ ಒಳಗೆ ತಂದು ನೋಡಿಕೊಂಡವರಿಗೇ ಚೆನ್ನಾಗಿ ತಿಳಿದಿರುತ್ತದೆ.

ಇದು ಆಗದ ಕೆಲಸ ಎನ್ನುವವರಿಗೆ 2025ರ ಬೇಸಿಗೆಯನ್ನು ನೆನಪಿಸುತ್ತೇನೆ. ಕರವಾಜ್ಜೊನ ಮಗ್ದಲೇನಾ ಮೇರಿಯ ಚಿತ್ರ ಆ ವರ್ಷ ದೆಹಲಿಗೆ ಬಂದು, ಅಲ್ಲಿಂದ ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೂ ಬಂದಿತ್ತು. 1606ರಲ್ಲಿ ರೋಮ್‌ನಲ್ಲಿ ಒಬ್ಬನನ್ನು ಕೊಂದು, ತಲೆಮರೆಸಿಕೊಂಡಿದ್ದ ದಿನಗಳಲ್ಲಿ ಅವನು ಬರೆದದ್ದೆಂದು, 2014ರಲ್ಲಿ ಇಟಲಿಯ ವಿದುಷಿ ಮಿನಾ ಗ್ರೆಗೊರಿ ಗುರುತಿಸಿದ ಚಿತ್ರ ಅದು. ಆಗ 79 ವರ್ಷದವರಾಗಿದ್ದ ನಮ್ಮ ತಂದೆಯವರು ಅರಸೀಕೆರೆಯಲ್ಲಿ ಬೆಳಗಿನ ರೈಲು ಹತ್ತಿ, ನನ್ನ ತಮ್ಮನ ತೋಳು ಹಿಡಿದುಕೊಂಡು ಹೋಗಿ ಅದರ ಮುಂದೆ ನಿಂತರು. ಹಿಂದಕ್ಕೆ ವಾಲಿದ ಕುತ್ತಿಗೆ, ಅರೆ ತೆರೆದ ಕಣ್ಣು, ಬೆರಳಿಗೆ ಬೆರಳು ಹೆಣೆದ ಕೈ, ಕೆಂಪು ಮೇಲುವಸ್ತ್ರ. ಸಂಜೆ ಫೋನ್ ಮಾಡಿದಾಗ ಅವರು ಮೊದಲು ಹೇಳಿದ್ದು ನೆರಳಿನ ಮಾತು: “ಅದು ಕಪ್ಪು ಬಣ್ಣ ಬಳಿದದ್ದಲ್ಲ. ಒಳಗೆ ಕೆಂಪು ಇದೆ, ಕಂದು ಇದೆ, ಬಹಳ ಹೊತ್ತು ನಿಂತರೆ ಎಡಗಡೆ ಮೇಲೆ ಒಂದು ಶಿಲುಬೆ ಕಾಣ್ತದೆ.” ಎಷ್ಟು ಹೊತ್ತು ನಿಂತಿದ್ದಿರಿ ಎಂದು ಕೇಳಿದ್ದಕ್ಕೆ ನನ್ನ ತಮ್ಮನೇ ಉತ್ತರ ಕೊಟ್ಟ: “ನನ್ನ ಕಾಲು ನೋಯುವಷ್ಟು.”

ಒಂದು ಚಿತ್ರ ಬಂತು. ಒಂದು ಬರಬಲ್ಲ ದಾರಿಯಲ್ಲಿ ಅರವತ್ತು ಬರಲಾರವೇ? ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳು 2020ರಿಂದ ಈಚೆಗೆ ಟೋಕಿಯೊ, ಒಸಾಕಾ, ಕ್ಯಾನ್ಬೆರಾಗಳನ್ನು ಸುತ್ತಿದವು. ಮತ್ತೊಂದು ಕಂತಿನಲ್ಲಿ 52 ಚಿತ್ರಗಳು ಶಾಂಘೈ, ಸೋಲ್, ಹಾಂಗ್‌ಕಾಂಗ್‌ಗಳಿಗೆ ಹೋದವು. ಆ ದಾರಿಯಲ್ಲಿ ಭಾರತ ಇರಲಿಲ್ಲ. ಮುಂಬೈಯವರು ಮಾತ್ರ ಹಿಂದೊಮ್ಮೆ ಜಾಣತನ ತೋರಿದ್ದರು. ಬೆಲ್ಜಿಯಂನ ಆಂಟ್ವರ್ಪ್‌ನ ರಾಯಲ್ ಮ್ಯೂಸಿಯಂ ದುರಸ್ತಿಗಾಗಿ 2011ರಲ್ಲಿ ಬಾಗಿಲು ಮುಚ್ಚಿದಾಗ, ಅಲ್ಲಿಯ ಫ್ಲೆಮಿಶ್ ಚಿತ್ರಗಳ ಒಂದು ಗುಚ್ಛವನ್ನು ಛತ್ರಪತಿ ಶಿವಾಜಿ ವಸ್ತುಸಂಗ್ರಹಾಲಯವು ಬರಮಾಡಿಕೊಂಡಿತು. ಮತ್ತೆ ಅದೇ ಕಥೆ: ಸೂರು ಬಿಚ್ಚಿದಾಗ ಚಿತ್ರಗಳು ಹೊರಡುತ್ತವೆ, ಕೇಳಿದವರ ಮನೆಗೆ ಹೋಗುತ್ತವೆ.

ಈಗ ಇನ್ನೊಂದು ಸೂರು ಬಿಚ್ಚಿದೆ. ಪ್ಯಾರಿಸ್ಸಿನ ಆಧುನಿಕ ಕಲೆಯ ಮ್ಯೂಸಿಯಂ ಆದ ಪೊಂಪಿಡೂ ಕೇಂದ್ರವು ದುರಸ್ತಿಗೆಂದು 2025ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಮುಚ್ಚಿದೆ, 2030ರವರೆಗೆ ತೆರೆಯುವುದಿಲ್ಲ. ಮಾತೀಸ್, ಪಿಕಾಸೊ, ಕಾಂಡಿನ್‌ಸ್ಕಿ ಅಷ್ಟೂ ವರ್ಷ ಊರೂರು ಸುತ್ತಲಿದ್ದಾರೆ. ತಮ್ಮ ಇಲಾಖೆಯು ಈ ವರ್ಷವೇ ಒಂದು ಪತ್ರ ಬರೆಯಲಿ. ಆ ಪತ್ರದ ಜೊತೆ ಜಾಮೀನಿನ ಕರಡೂ, ಹದವಾದ ಹವೆಯ ಒಂದು ಕೋಣೆಯ ನಕ್ಷೆಯೂ ಇರಲಿ. ಒಪ್ಪಿಗೆ ಬಂದರೆ, ರಾಜ್ಯದಲ್ಲಿ ಲೋಯರ್ ಮತ್ತು ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಪಾಸಾದ ಮಕ್ಕಳನ್ನು ಜಿಲ್ಲೆ ಜಿಲ್ಲೆಯಿಂದ ಸರ್ಕಾರಿ ಬಸ್ಸಿನಲ್ಲಿ ಕರೆತರಲು, ಅವರೊಂದಿಗೆ ಅವರ ಡ್ರಾಯಿಂಗ್ ಮೇಷ್ಟರನ್ನೂ ಕರೆತರಲು ಏರ್ಪಾಡಾಗಲಿ. ಬ್ರಿಸ್ಬೇನ್‌ನ ಪ್ರದರ್ಶನದ ನಡುಮಧ್ಯದಲ್ಲಿ ಒಂದು ಸ್ಟುಡಿಯೊ ಮಾಡಿದ್ದರು. ಬಂದವರೆಲ್ಲರೂ ಕೂತು ಚಿತ್ರ ಬರೆಯಬಹುದಿತ್ತು, ಪಕ್ಕದಲ್ಲಿ ಹಣ್ಣು, ಹೂಜಿ, ಬಟ್ಟೆ ಜೋಡಿಸಿಟ್ಟಿದ್ದರು. ಬೆಂಗಳೂರಿನ ಕೋಣೆಯಲ್ಲಿ ಅಂಥ ಜಾಗಕ್ಕೆ ಮೇಷ್ಟರು ಬೇಕಾದರೆ, ನಿವೃತ್ತರೊಬ್ಬರು ಅರಸೀಕೆರೆಯಲ್ಲಿದ್ದಾರೆ. ಡಿಕಾಕ್ಷನ್ ಅವರೇ ತರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಡ್ರಾಯಿಂಗ್ ಮೇಷ್ಟರೊಬ್ಬರ ಮಗಳು,
ಬ್ರಿಸ್ಬೇನ್